ಮೂರೂವರೆ ಮೀಟರಿನ ತಂತಿ



ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು 1967ರ ಫೋಕ್ಸ್‌ವ್ಯಾಗನ್ ಬಸ್ಸೊಂದನ್ನು ಕೊಂಡು, ರಜಾದಿನಗಳಲ್ಲಿ ಅದನ್ನು ತಾನೇ ರಿಪೇರಿ ಮಾಡುತ್ತಿದ್ದಾನೆ. ಮುಂಗಾಜು ಎರಡು ಹೋಳಾಗಿರುವ, ಬ್ರೆಡ್ಡಿನ ಆಕಾರದ ಆ ವಾಹನವನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಕಳೆದ ತಿಂಗಳು ಅದರ ಥ್ರಾಟಲ್ ಕೇಬಲ್ ತುಂಡಾಯಿತಂತೆ. ನಮ್ಮ ಗ್ಯಾರೇಜುಗಳಲ್ಲಿ 'ಎಕ್ಸಲೇಟರ್ ವಯರ್' ಎನ್ನುವುದು ಇದನ್ನೇ. ಹೊಸದನ್ನು ಹಾಕಿದ ಮೇಲೆ ದೂರವಾಣಿಯಲ್ಲಿ ಎಲ್ಲವನ್ನೂ ವರ್ಣಿಸಿ, ಕೊನೆಗೆ ಸ್ವಲ್ಪ ಅಳುಕಿನಿಂದ, "ಸರ್, ಬೇಜಾರು ಮಾಡ್ಕೋಬೇಡಿ. ನೀವು ಕ್ಲಾಸಿನಲ್ಲಿ ಹೇಳಿದ ಬೌಡೆನ್ ಬೇರೆ, ಕೇಬಲ್ ಕಂಡುಹಿಡಿದ ಬೌಡೆನ್ ಬೇರೆ" ಎಂದನು.

ಹುಡುಕಿ ಓದಿದೆ. ಅವನು ಹೇಳಿದ್ದೇ ಸರಿ. ರ್ಯಾಲೆ ಸೈಕಲ್ ಕಂಪನಿಯನ್ನು ಬೆಳೆಸಿದ ಫ್ರಾಂಕ್ ಬೌಡೆನ್‌ನೇ ಈ ಕೇಬಲ್ಲಿನ ಜನಕನೆಂದು ನಾನು ಮೂವತ್ತು ವರ್ಷಗಳ ಕಾಲ ಬೋಧಿಸಿದ್ದೇನೆ. ವಾಸ್ತವದಲ್ಲಿ 1896ರಲ್ಲಿ ಪೇಟೆಂಟ್ ಪಡೆದವನು ಐರ್ಲೆಂಡಿನಲ್ಲಿ ಹುಟ್ಟಿದ ಅರ್ನೆಸ್ಟ್ ಮೋನಿಂಗ್ಟನ್ ಬೌಡೆನ್. ಹೆಸರಿನ ಸಾಮ್ಯದಿಂದ ಅನೇಕರು ಎಡವಿದ್ದಾರೆ ಎಂಬುದು ಸಮಾಧಾನದ ಮಾತು ಅಷ್ಟೇ. ಆದ್ದರಿಂದ ಈ ಬರಹ ಅರ್ಧ ಇತಿಹಾಸ, ಅರ್ಧ ತಪ್ಪೊಪ್ಪಿಗೆ.

ಬೌಡೆನ್ನನ ಯುಕ್ತಿಯನ್ನು ನೆನಪಿಸಿಕೊಳ್ಳಿರಿ. ತಂತಿಯನ್ನು ಎಳೆಯಬಹುದು, ತಳ್ಳಲಾಗದು. ನೇರವಾಗಿ ಎಳೆಯಬಹುದು, ತಿರುವುಗಳಲ್ಲಿ ರಾಟೆಯಿಲ್ಲದೆ ಎಳೆಯಲಾಗದು. ಅವನು ತಂತಿಯನ್ನು, ಒತ್ತಿದರೆ ಕುಗ್ಗದಂತೆ ಬಿಗಿಯಾಗಿ ಸುತ್ತಿದ ಸುರುಳಿಯ ಕವಚದೊಳಗೆ ತೂರಿಸಿದನು. ಒಳಗಿನ ತಂತಿಯ ಮೇಲೆ ಎಳೆತವೆಷ್ಟೋ ಹೊರಗಿನ ಕವಚದ ಮೇಲೆ ಒತ್ತಡ ಅಷ್ಟೇ. ಎರಡೂ ಒಂದಕ್ಕೊಂದು ಸಮನಾಗುವುದರಿಂದ ಕೇಬಲ್ ಹೇಗೆ ಬಾಗಿದರೂ ಕೆಲಸ ನಡೆಯುತ್ತದೆ. ಪ್ರಯೋಗಾಲಯದಲ್ಲಿ ತೋಟದ ರಬ್ಬರ್ ಪೈಪಿನೊಳಗೆ ಹಗ್ಗ ಹಾಕಿ ತೋರಿಸಿದ್ದು ಕೆಲವರಿಗಾದರೂ ನೆನಪಿರಬೇಕು. ಪೈಪ್ ಕುಗ್ಗಿ ಪ್ರಯೋಗ ಕೆಟ್ಟದ್ದೂ ನೆನಪಿರಬಹುದು!

ಇನ್ನು ಬಸ್ಸಿನ ಕಥೆ. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ವೋಲ್ಫ್ಸ್‌ಬರ್ಗ್ ಕಾರ್ಖಾನೆ ಬ್ರಿಟಿಷ್ ಸೇನಾಡಳಿತದ ಕೈಯಲ್ಲಿತ್ತು. ಕಾರ್ಖಾನೆಯ ಆವರಣದಲ್ಲಿ ಸಾಮಾನು ಸಾಗಿಸಲು ಬೀಟಲ್ ಕಾರಿನ ಭಾಗಗಳಿಂದಲೇ ಒಂದು ಚಪ್ಪಟೆ ಗಾಡಿಯನ್ನು ಮಾಡಿಕೊಂಡಿದ್ದರು. ಅದರಲ್ಲಿ ಇಂಜಿನ್ನೂ ಹಿಂದೆ, ಚಾಲಕನೂ ಹಿಂದೆ, ಇಂಜಿನ್ನಿನ ಮೇಲೆಯೇ. ಇದನ್ನು ನೋಡಿದ ಡಚ್ ವ್ಯಾಪಾರಿ ಬೆನ್ ಪೋನ್, 1947ರ ಏಪ್ರಿಲ್ 23ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಡಬ್ಬಿಯಂತಹ ವಾಹನವೊಂದರ ಗೀಟುಚಿತ್ರ ಬರೆದನು. ಅದರಲ್ಲಿ ಇಂಜಿನ್ ಹಿಂದೆಯೇ ಉಳಿಯಿತು. ಚಾಲಕ ಮಾತ್ರ ತೀರ ಮುಂದಕ್ಕೆ ಬಂದನು. ನಡುವಿನ ಜಾಗವೆಲ್ಲ ಸಾಮಾನಿಗೂ ಜನರಿಗೂ ದಕ್ಕಿತು. 1950ರ ಮಾರ್ಚಿನಲ್ಲಿ ತಯಾರಿಕೆ ಆರಂಭವಾದಾಗ ಇಂಜಿನ್ನಿನ ಶಕ್ತಿ ಕೇವಲ 25 ಅಶ್ವಶಕ್ತಿ. ಹೊರುವ ಭಾರವೋ ಮುಕ್ಕಾಲು ಟನ್.

ಪುಸ್ತಕಗಳು ಪೋನನ ಚಿತ್ರವನ್ನು ಹೊಗಳಿ ಮುಂದೆ ಹೋಗುತ್ತವೆ. ನನಗೆ ಮುಖ್ಯವಾಗಿ ಕಾಣುವುದು ಆ ಚಿತ್ರದಲ್ಲಿ ಕಾಣದ ಒಂದು ಗೆರೆ. ಚಾಲಕ ಮುಂದಕ್ಕೆ ಬಂದ ಕ್ಷಣದಲ್ಲಿಯೇ ಅವನ ಪಾದಕ್ಕೂ ಕಾರ್ಬುರೇಟರಿಗೂ ನಡುವೆ ಸುಮಾರು ಮೂರೂವರೆ ಮೀಟರ್ ತಂತಿ ಎಳೆಯುವುದು ಅನಿವಾರ್ಯವಾಯಿತು. ಪೆಡಲಿನ ಕೆಳಗಿನ ಸನ್ನೆಗೆ ಸಿಕ್ಕಿಸಿದ ತಂತಿ, ನೆಲದಡಿಯ ಉಕ್ಕಿನ ಕೊಳವೆಯಲ್ಲಿ ಹಾದು, ಹಿಂಭಾಗದಲ್ಲಿ ಬಾಗುವ ಕವಚದೊಳಗೆ ಹೊಕ್ಕು, ಗಾಳಿ ಬೀಸುವ ಫ್ಯಾನಿನ ಗೂಡನ್ನು ಭೇದಿಸಿ ಕಾರ್ಬುರೇಟರಿನ ತೋಳನ್ನು ಮುಟ್ಟುತ್ತದೆ. ಬಹುಪಾಲು ದಾರಿಯಲ್ಲಿ ಬೌಡೆನ್ನನ ಕವಚವಿಲ್ಲ. ಬಸ್ಸಿನ ಗಟ್ಟಿ ಒಡಲೇ ಅದರ ಕೆಲಸ ಮಾಡುತ್ತದೆ. ಅಲುಗಾಡುವ ಇಂಜಿನ್ ಹತ್ತಿರವಾದಾಗ ಮಾತ್ರ ಬಾಗುವ ಕವಚ ಬೇಕಾಗುತ್ತದೆ.

ಈ ತಂತಿ ಕಡಿದರೆ ಸ್ಪ್ರಿಂಗ್ ಥ್ರಾಟಲನ್ನು ಮುಚ್ಚುತ್ತದೆ. ಇಂಜಿನ್ ಗುರುಗುಟ್ಟುತ್ತಲೇ ಇರುತ್ತದೆ, ಬಸ್ಸು ಮಾತ್ರ ಓಡದು. ನನ್ನ ಶಿಷ್ಯನು ಬಸ್ಸಿನಡಿ ಅಂಗಾತ ಮಲಗಿ, ಗ್ರೀಸ್ ಸವರಿದ ಹೊಸ ತಂತಿಯನ್ನು ಮುಂದಿನಿಂದ ಕೊಳವೆಯೊಳಗೆ ತಳ್ಳುತ್ತಿದ್ದರೆ, ಮಗಳು ಹಿಂದೆ ನಿಂತು "ಬಂತು, ಬಂತು" ಎಂದು ಕೂಗಿದಳಂತೆ. ಕೊನೆಯ ಹಂತವೇ ಸೂಕ್ಷ್ಮವಾದುದು. ಒಬ್ಬರು ಪೆಡಲನ್ನು ಪೂರ್ತಿ ಒತ್ತಿ ಹಿಡಿಯಬೇಕು. ಮತ್ತೊಬ್ಬರು ಥ್ರಾಟಲ್ ತೋಳು ತನ್ನ ತಡೆಗೆ ತಗಲದೆ ಸುಮಾರು 1 ಮಿಲಿಮೀಟರ್ ಅಂತರ ಉಳಿಯುವಂತೆ ನೋಡಿ ತಿರುಪು ಬಿಗಿಯಬೇಕು. ಅಂತರವಿಲ್ಲದಿದ್ದರೆ ತೋಳು ಮೊದಲು ತಡೆಗೆ ತಗಲುತ್ತದೆ, ಪೆಡಲಿಗೆ ಇನ್ನೂ ಇಳಿಯಲು ಜಾಗವಿರುತ್ತದೆ. ಆಗ ಚಾಲಕನ ಕಾಲಿನ ಬಲವೆಲ್ಲ ತಂತಿಯ ಮೇಲೆಯೇ ಬೀಳುತ್ತದೆ. ಎಳೆಗಳು ಒಂದೊಂದಾಗಿ ಬಿಟ್ಟು, ಒಂದು ದಿನ ತಂತಿ ಹರಿಯುತ್ತದೆ.

ಅವನು ಇದನ್ನು ಹೇಳುತ್ತಿದ್ದಂತೆ ನನಗೆ 1977ರ ಬೇಸಿಗೆ ಕಣ್ಣೆದುರು ಬಂದಿತು. ಆಗ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಊರಿನಲ್ಲಿದ್ದೆ. ಅಂಕೋಲೆ ಮತ್ತು ಕುಮಟೆಗಳ ನಡುವೆ ಹೆದ್ದಾರಿಯ ಪಕ್ಕದಲ್ಲಿ ಇಂತಹುದೇ ವಾಹನವೊಂದು ನಿಂತಿತ್ತು. ಇಸ್ತಾನ್‌ಬುಲ್, ಟೆಹರಾನ್, ಕಾಬೂಲ್, ಲಾಹೋರ್ ಮಾರ್ಗವಾಗಿ ಯುರೋಪಿನ ಯುವಕರು ಹಳೆಯ ವಾಹನಗಳಲ್ಲಿ ಭಾರತಕ್ಕೆ ಬರುತ್ತಿದ್ದ ಕಾಲವದು. ಗೋವೆಗೆ ಬಂದವರಲ್ಲಿ ಕೆಲವರು ಗೋಕರ್ಣಕ್ಕೂ ಇಳಿಯುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶವೂ ಆ ದಾರಿಯನ್ನು ಮುಚ್ಚಿದವು. ಗಡ್ಡಧಾರಿ ತರುಣನೊಬ್ಬನು ಸುರುಳಿ ತಂತಿಯಲ್ಲಿ ಹೊಲಿದ, ಎಣ್ಣೆಯ ಕಲೆಗಳ ದಪ್ಪ ಪುಸ್ತಕವೊಂದನ್ನು ರಸ್ತೆಯ ಮೇಲೆಯೇ ಹರಡಿಕೊಂಡು ಕುಳಿತಿದ್ದನು. ಅದು ಬಹುಶಃ ಅಮೆರಿಕದ ಇಂಜಿನಿಯರ್ ಜಾನ್ ಮ್ಯೂರ್ 1969ರಲ್ಲಿ ಪ್ರಕಟಿಸಿದ, ಏನೂ ತಿಳಿಯದವನಿಗೂ ಫೋಕ್ಸ್‌ವ್ಯಾಗನ್ ರಿಪೇರಿ ಕಲಿಸುವ ಪುಸ್ತಕವಿರಬೇಕು. ಅಂತಹುದೇ ಒಂದು ಪ್ರತಿ ಈಗ ನನ್ನ ಶಿಷ್ಯನ ಬಳಿಯೂ ಇದೆ.

ತಂತಿ ಕಾರ್ಬುರೇಟರಿನ ಬಳಿ, ತಿರುಪಿನ ಬಾಯಲ್ಲಿಯೇ ಹರಿದಿತ್ತು. ಬದಲಿ ತಂತಿ ನಮ್ಮೂರಿನಲ್ಲಿ ಎಲ್ಲಿಯದು? ಅಂದಿನ ನಮ್ಮ ಸೈಕಲ್ಲುಗಳಿಗೆ ಕಂಬಿಯ ಬ್ರೇಕು. ಸೈಕಲ್ ಅಂಗಡಿಯಲ್ಲಿಯೂ ಕೇಬಲ್ ಇರಲಿಲ್ಲ. ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಬಂದು ನೋಡಿದರು. ವಿದ್ಯುತ್ ತಂತಿ ಜೋಡಿಸುವ ಪಿಂಗಾಣಿ ಕನೆಕ್ಟರನ್ನು ಒಡೆದು, ಎರಡು ತಿರುಪುಗಳಿದ್ದ ಒಳಗಿನ ಹಿತ್ತಾಳೆಯ ತುಂಡನ್ನು ತೆಗೆದರು. ಉಳಿದ ತಂತಿಯ ತುದಿಗೆ ಸ್ಕೂಟರಿನ ಹಳೆಯ ಕ್ಲಚ್ ತಂತಿಯ ಗೇಣುದ್ದದ ಚೂರನ್ನು ಅದರಿಂದಲೇ ಬೆಸೆದರು. ಆ ಗಂಟು ಕೊಳವೆಯೊಳಗೆ ಹೋಗಲಾರದು ಎಂದು ನಾನು ಜಾಣತನ ತೋರಿದೆ. "ತಮ್ಮಾ, ಅದು ಒಳಗೆ ಹೋಗೂದೇ ಇಲ್ಲ. ಅಲ್ಲಲ್ಲೇ ನಾಕು ಬೆರಳು ಆಚೆ ಈಚೆ ಆಗ್ತದೆ, ಅಷ್ಟೇ" ಎಂದರು. ಪೆಡಲ್ ಒತ್ತಲು ನನ್ನನ್ನೇ ಕೂರಿಸಿದರು. ನಾನು ಉತ್ಸಾಹದಿಂದ ಪೂರ್ತಿ ಒತ್ತಿದೆ. ಅವರು ಹಿಂದಿನಿಂದ ಗದರಿದ್ದು ಇಂದಿಗೂ ಕಿವಿಯಲ್ಲಿದೆ: "ಹಾಂಗೇ ಹಿಡಿ, ಬಿಡಬೇಡ. ಪೂರಾ ಎಳ್ದು ಬಿಗಿದ್ರೆ ಮತ್ತೆ ಹರೀತದೆ."

ಅವರು ಬೌಡೆನ್ನನ ಹೆಸರನ್ನು ಕೇಳಿದವರಲ್ಲ. ಎರಡು ರೂಪಾಯಿ ಕೇಳಿದರು, ತರುಣ ಐದು ಕೊಟ್ಟನು, ಮೂರನ್ನು ಎಣಿಸಿ ಹಿಂದಿರುಗಿಸಿದರು. ವಾಹನ ಕುಮಟೆಯ ಕಡೆಗೆ ಹೋಯಿತು.

ನಿಮ್ಮಲ್ಲಿ ಯಾರಾದರೂ ಒಂಬತ್ತನೆಯ ತರಗತಿಯ ವಿಜ್ಞಾನದ ನೋಟ್‌ಬುಕ್ಕನ್ನು ಇನ್ನೂ ಇಟ್ಟುಕೊಂಡಿದ್ದರೆ, ಫ್ರಾಂಕ್ ಎಂಬುದನ್ನು ಹೊಡೆದು ಅರ್ನೆಸ್ಟ್ ಎಂದು ಬರೆದುಕೊಳ್ಳಿರಿ.