ಶಿಶುಗಳ ತಲೆ ಹಾಗೂ ಮುಖದ ಮೇಲಿನ ರಕ್ತನಾಳದ ಮಚ್ಚೆಗಳು: ಪೋಷಕರಿಗೆ ಮಾಹಿತಿ

ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ನವಜಾತ ಶಿಶುವಿನ ತಲೆ, ಹಣೆ ಅಥವಾ ಕತ್ತಿನ ಹಿಂಭಾಗದಲ್ಲಿ ಕಾಣುವ ಕೆಂಪು ಮಚ್ಚೆಗಳಲ್ಲಿ ಹೆಚ್ಚಿನವು ಚರ್ಮದಡಿಯ ರಕ್ತನಾಳಗಳಿಂದ ಉಂಟಾಗುತ್ತವೆ. ಗ್ರಹಣಕ್ಕಾಗಲಿ, ಗರ್ಭಿಣಿಯು ಸೇವಿಸಿದ ಆಹಾರಕ್ಕಾಗಲಿ ಇವುಗಳೊಂದಿಗೆ ಸಂಬಂಧವಿರುವುದಿಲ್ಲ.

ಮುಖ್ಯ ವಿಧಗಳು

1. ತಿಳಿಗುಲಾಬಿ ಮಚ್ಚೆ: ಹಣೆ, ಕಣ್ಣುರೆಪ್ಪೆ ಮತ್ತು ಕತ್ತಿನ ಹಿಂಭಾಗದಲ್ಲಿರುತ್ತದೆ. ಮುಖದ ಮೇಲಿನದು ಸಾಮಾನ್ಯವಾಗಿ 1-2 ವರ್ಷಗಳಲ್ಲಿ ಮಾಸುತ್ತದೆ. ಅಪಾಯವಿಲ್ಲ.

2. ಹೆಮಾಂಜಿಯೋಮಾ (ರಕ್ತನಾಳದ ಗಂಟು): ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ 3 ತಿಂಗಳಲ್ಲಿ ಶೀಘ್ರವಾಗಿ ಬೆಳೆದು, ನಂತರ ವರ್ಷಗಳ ಅವಧಿಯಲ್ಲಿ ಕುಗ್ಗುತ್ತದೆ. ಹೆಣ್ಣು ಶಿಶುಗಳಲ್ಲಿ ಹಾಗೂ ಅವಧಿಗೆ ಮುನ್ನ ಜನಿಸಿದವರಲ್ಲಿ ಹೆಚ್ಚು.

3. ಪೋರ್ಟ್‌ವೈನ್ ಕಲೆ: ಹುಟ್ಟಿನಿಂದಲೇ ಇದ್ದು, ತಾನಾಗಿ ಮಾಸುವುದಿಲ್ಲ. ಹಣೆ ಅಥವಾ ಮೇಲಿನ ರೆಪ್ಪೆಯಲ್ಲಿದ್ದಲ್ಲಿ ಕೆಲವು ಶಿಶುಗಳಿಗೆ ಮೂರ್ಛೆರೋಗ ಹಾಗೂ ಗ್ಲಾಕೋಮಾ ಬರುವ ಸಂಭವವಿರುತ್ತದೆ.

ತಡಮಾಡದೆ ತೋರಿಸಬೇಕಾದ ಸಂದರ್ಭಗಳು

- ಗಂಟು ಕಣ್ಣಿನ ಸಮೀಪವಿದ್ದು ದೃಷ್ಟಿಗೆ ಅಡ್ಡಿಯಾಗುತ್ತಿದ್ದಲ್ಲಿ
- ಗದ್ದ, ತುಟಿ ಭಾಗದಲ್ಲಿದ್ದು ಉಸಿರಾಟದಲ್ಲಿ ಶಬ್ದ ಬರುತ್ತಿದ್ದಲ್ಲಿ
- ಮುಖ ಅಥವಾ ತಲೆಯ ಮೇಲೆ 5 ಸೆಂ.ಮೀ.ಗಿಂತ ದೊಡ್ಡದಾಗಿದ್ದಲ್ಲಿ
- ಹುಣ್ಣಾದಲ್ಲಿ, ರಕ್ತ ಒಸರಿದಲ್ಲಿ, ಅಥವಾ ಮಗುವಿಗೆ ಫಿಟ್ಸ್ ಬಂದಲ್ಲಿ

ಬಾಣಂತನಕ್ಕಾಗಿ ತವರಿನಲ್ಲಿರುವ ತಿಂಗಳುಗಳಲ್ಲಿಯೇ ಗಂಟು ಬೆಳೆಯುವುದರಿಂದ, ಊರಿಗೆ ಮರಳಿದ ನಂತರ ತೋರಿಸೋಣವೆಂದು ಕಾಯತಕ್ಕದ್ದಲ್ಲ. ತವರಿನ ಆಶಾ ಕಾರ್ಯಕರ್ತೆಯ ಗಮನಕ್ಕೆ ಕೂಡಲೇ ತರುವುದು.

ಚಿಕಿತ್ಸೆ

ಹೆಚ್ಚಿನ ಗಂಟುಗಳಿಗೆ ಚಿಕಿತ್ಸೆ ಅಗತ್ಯವಿರುವುದಿಲ್ಲ. ಅಪಾಯಕಾರಿ ಗಂಟುಗಳಿಗೆ ಪ್ರೊಪ್ರನಲಾಲ್ ಔಷಧವು ಪರಿಣಾಮಕಾರಿಯೆಂದು 2008ರಲ್ಲಿ ವರದಿಯಾಗಿದ್ದು, ಈಗ ಇದೇ ಪ್ರಥಮ ಚಿಕಿತ್ಸೆಯಾಗಿದೆ. ಇದರಿಂದ ರಕ್ತದ ಸಕ್ಕರೆ ಹಾಗೂ ಹೃದಯ ಬಡಿತ ಇಳಿಯಬಹುದಾದ ಕಾರಣ ವೈದ್ಯರ ನಿಗಾದಲ್ಲಿ, ಹಾಲು ಕುಡಿಸಿಯೇ ನೀಡತಕ್ಕದ್ದು. ಬರೆ ಹಾಕುವುದು, ಸುಣ್ಣ ಅಥವಾ ಸೊಪ್ಪಿನ ರಸ ಹಚ್ಚುವುದು ಹುಣ್ಣಿಗೆ ಹಾಗೂ ಸೋಂಕಿಗೆ ಕಾರಣವಾಗುತ್ತದೆ. ರಕ್ತ ಬಂದಲ್ಲಿ ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯುವುದು. ನಿಲ್ಲದಿದ್ದಲ್ಲಿ 108ಕ್ಕೆ ಕರೆ ಮಾಡುವುದು.

ಸೇವೆ ಪಡೆಯುವ ವಿಧಾನ

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ಮಕ್ಕಳ ತಜ್ಞರನ್ನು ಸಂಪರ್ಕಿಸುವುದು. ಅಗತ್ಯವಿದ್ದಲ್ಲಿ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ಉನ್ನತ ಆಸ್ಪತ್ರೆಗೆ ಕಳುಹಿಸಲಾಗುವುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗೆ ಬಂದಾಗಲೂ ಮಗುವನ್ನು ತೋರಿಸಬಹುದು. ತಾಯಿ ಕಾರ್ಡ್, ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ತರುವುದು. ಮೇಲಿನ ಆಸ್ಪತ್ರೆಗೆ ಹೋಗುವಾಗ ಶಿಫಾರಸು ಪತ್ರವನ್ನು ತಪ್ಪದೇ ಪಡೆಯತಕ್ಕದ್ದು.