ಮಿಶ್ರ ಸಮರ ಕಲೆಯಲ್ಲಿ ಹಿಡಿತದ ನಿಯಂತ್ರಣ

ಮಿಶ್ರ ಸಮರ ಕಲೆಯಲ್ಲಿ ಹಿಡಿತದ ನಿಯಂತ್ರಣ ಎಂದರೆ ಎದುರಾಳಿಯನ್ನು ನೆಲಕ್ಕೆ ಕೆಡವಿ ಅಥವಾ ಪಂಜರದ ಬೇಲಿಗೆ ಒತ್ತಿ ಹಿಡಿದು, ಅವರ ಚಲನೆಯನ್ನು ನಿರ್ಬಂಧಿಸುವ ತಂತ್ರ. ಇದರಿಂದ ಪಂದ್ಯಗಳು ನೀರಸವಾಗುತ್ತವೆಯೇ ಎಂಬುದು ಈ ಕ್ರೀಡೆಯ ಆರಂಭದ ವರ್ಷಗಳಿಂದಲೂ ಚರ್ಚೆಯಲ್ಲಿದೆ. ಆಕ್ರಮಣ ಮಾಡದೆ ಮೇಲೆ ಒರಗಿ ಕಾಲ ಕಳೆಯುವುದನ್ನು ಟೀಕಾಕಾರರು 'ಲೇ ಅಂಡ್ ಪ್ರೇ', ಅಂದರೆ 'ಮಲಗಿ ಪ್ರಾರ್ಥಿಸು', ಎಂದು ಹಾಸ್ಯ ಮಾಡುತ್ತಾರೆ.

ಹಿನ್ನೆಲೆ

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಮೊದಲ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್ (ಯುಎಫ್‌ಸಿ) ಸ್ಪರ್ಧೆಯಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಪಟು ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಶರಣಾಗುವಂತೆ ಮಾಡಿ ಗೆದ್ದರು. ಹಿಡಿತದ ಕಲೆ ತಿಳಿಯದವರು ಹೊಡೆತದ ಬಲದಿಂದ ಮಾತ್ರ ಉಳಿಯಲಾರರೆಂಬುದು ಇದರಿಂದ ಸ್ಪಷ್ಟವಾಯಿತು.

1994ರ ಡಿಸೆಂಬರ್‌ನ ನಾಲ್ಕನೆಯ ಸ್ಪರ್ಧೆಯಲ್ಲಿ ತಮಗಿಂತ ಬಹಳ ಭಾರವಾದ ಡ್ಯಾನ್ ಸೆವರ್ನ್ ಅವರ ಕೆಳಗೆ ಗ್ರೇಸಿ ದೀರ್ಘಕಾಲ ಸಿಲುಕಿದ್ದರು. ಏನೂ ನಡೆಯುತ್ತಿಲ್ಲವೆಂದು ತೋರುತ್ತಿದ್ದಾಗಲೇ ಕಾಲುಗಳಿಂದ ಟ್ರಯಾಂಗಲ್ ಚೋಕ್ ಪಟ್ಟು ಹಾಕಿ ಗೆದ್ದರು. ಆದರೆ ಪ್ರಸಾರದ ಅವಧಿ ಮುಗಿದುಹೋಗಿದ್ದರಿಂದ ಹಣ ತೆತ್ತ ಅನೇಕ ವೀಕ್ಷಕರು ಆ ಮುಕ್ತಾಯವನ್ನು ನೋಡಲಾಗಲಿಲ್ಲ. 1995ರಲ್ಲಿ ಗ್ರೇಸಿ ಮತ್ತು ಕೆನ್ ಶ್ಯಾಮ್‌ರಾಕ್ ನಡುವೆ ಸುಮಾರು 36 ನಿಮಿಷ ನಡೆದ ಪಂದ್ಯದ ಬಹುಭಾಗ ನೆಲದ ಮೇಲೆಯೇ ಕಳೆದು, ಡ್ರಾದಲ್ಲಿ ಕೊನೆಗೊಂಡಿತು.

ನಿಯಮಗಳ ಬದಲಾವಣೆ

ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದೊಡನೆ ಪಂದ್ಯ ಮುಗಿಯುತ್ತದೆ. ಮಿಶ್ರ ಸಮರ ಕಲೆಯಲ್ಲಿ ಹಾಗಿಲ್ಲ. ಕೆಡವಿದ ಬಳಿಕವೂ ಕಾಳಗ ಮುಂದುವರಿಯುವುದರಿಂದ ಜಡತೆಗೆ ಅವಕಾಶವಿದೆ. ಇದನ್ನು ತಡೆಯಲು ಪಂದ್ಯಗಳಿಗೆ ಕಾಲಮಿತಿ ಬಂದಿತು. ಇಬ್ಬರೂ ನಿಷ್ಕ್ರಿಯರಾದರೆ ಎಬ್ಬಿಸಿ ನಿಲ್ಲಿಸುವ ಅಧಿಕಾರ ರೆಫರಿಗೆ ದೊರೆಯಿತು. 1999ರಲ್ಲಿ ಯುಎಫ್‌ಸಿ 5 ನಿಮಿಷಗಳ ಸುತ್ತುಗಳನ್ನು ಅಳವಡಿಸಿಕೊಂಡಿತು. ಪ್ರತಿ ಸುತ್ತೂ ನಿಂತ ಸ್ಥಿತಿಯಿಂದಲೇ ಆರಂಭವಾಗುತ್ತದೆ. ಜಪಾನಿನ ಪ್ರೈಡ್ ಸಂಸ್ಥೆಯು ನಿಷ್ಕ್ರಿಯತೆಗೆ ಹಳದಿ ಕಾರ್ಡ್ ತೋರಿಸಿ, ಸಂಭಾವನೆಯಲ್ಲಿ ಶೇಕಡಾ 10ರಷ್ಟು ಕಡಿತಗೊಳಿಸುತ್ತಿತ್ತು.

2017ರಲ್ಲಿ ಜಾರಿಗೆ ಬಂದ ತೀರ್ಪಿನ ಮಾನದಂಡಗಳಲ್ಲಿ ಪರಿಣಾಮಕಾರಿ ಹೊಡೆತ ಮತ್ತು ಹಿಡಿತಗಳಿಗೆ ಮೊದಲ ಸ್ಥಾನವಿದೆ. ಅವು ಸಮನಾಗಿದ್ದಾಗ ಮಾತ್ರ ಆಕ್ರಮಣಶೀಲತೆಯನ್ನೂ, ಅದೂ ಸಮನಾದರೆ ಕಣದ ಮೇಲಿನ ನಿಯಂತ್ರಣವನ್ನೂ ಪರಿಗಣಿಸಲಾಗುತ್ತದೆ. ಕೆಡವಿದ ಮಾತ್ರಕ್ಕೆ ಹೆಚ್ಚಿನ ಬೆಲೆಯಿಲ್ಲ; ಅದರಿಂದ ಆಕ್ರಮಣಕ್ಕೆ ದಾರಿಯಾಗಬೇಕು.

ಪರ ಮತ್ತು ವಿರೋಧ ವಾದಗಳು

ವೀಕ್ಷಕರು ನಿರ್ಣಾಯಕ ಮುಕ್ತಾಯವನ್ನು ಬಯಸುತ್ತಾರೆ, ಕೇವಲ ತಡೆದು ಹಿಡಿಯುವುದು ಹೋರಾಟವಲ್ಲ ಎಂಬುದು ಟೀಕಾಕಾರರ ನಿಲುವು. ಕೆಳಗಿರುವವರು ಏಳುವ ಕೌಶಲವನ್ನು ಕಲಿಯಬೇಕು, ರೆಫರಿ ಬೇಗನೆ ಎಬ್ಬಿಸಿದರೆ ಶ್ರಮದಿಂದ ಗಳಿಸಿದ ಸ್ಥಾನವನ್ನು ಕಸಿದಂತಾಗುತ್ತದೆ ಎಂಬುದು ಸಮರ್ಥಕರ ವಾದ. ಸೊಂಟ, ಕಾಲು ಮತ್ತು ಮಣಿಕಟ್ಟುಗಳ ಸೂಕ್ಷ್ಮ ಚಲನೆಗಳನ್ನು ಗುರುತಿಸಬಲ್ಲವರಿಗೆ ನೆಲದ ಕಾಳಗ ಕುತೂಹಲಕರವಾಗಿಯೇ ಇರುತ್ತದೆ.

ರಷ್ಯಾದ ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ ಈ ಚರ್ಚೆಯಲ್ಲಿ ಮುಖ್ಯ ಉದಾಹರಣೆ. ಎದುರಾಳಿಗಳನ್ನು ಬೇಲಿಯ ಬಳಿ ಕೆಡವಿ, ಹಿಡಿತ ಬಿಡದೆ ಹೊಡೆಯುವ ಶೈಲಿಯಿಂದ ಅವರು 29 ಪಂದ್ಯಗಳಲ್ಲಿಯೂ ಗೆದ್ದು 2020ರಲ್ಲಿ ನಿವೃತ್ತರಾದರು. 2018ರಲ್ಲಿ ಕಾನರ್ ಮೆಕ್‌ಗ್ರೆಗರ್ ವಿರುದ್ಧ ಅವರು ಗೆದ್ದ ಪಂದ್ಯವು ಪೇ-ಪರ್-ವ್ಯೂ ಮಾರಾಟದಲ್ಲಿ ಯುಎಫ್‌ಸಿಯ ದಾಖಲೆ ನಿರ್ಮಿಸಿತು. ಇಬ್ಬರ ನಡುವಿನ ವೈಷಮ್ಯವೂ ಅದಕ್ಕೆ ಕಾರಣವಾಗಿತ್ತಾದರೂ, ಹಿಡಿತದ ಆಟಗಾರರು ಜನರನ್ನು ಸೆಳೆಯಲಾರರೆಂಬ ಅಭಿಪ್ರಾಯವನ್ನು ಅದು ದುರ್ಬಲಗೊಳಿಸಿತು.