ಕವಲೇದುರ್ಗ ಸೀಮೆಯ ಅರಣ್ಯ ಹಕ್ಕು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅರಣ್ಯವಾಸಿಗಳ ಭೂಮಿಗೆ ಮಾನ್ಯತೆ ನೀಡುವ ಪ್ರಕ್ರಿಯೆಯನ್ನು ಆರಂಭಿಸುವ ಹೊಣೆಯನ್ನೂ ಅದೇ ಅರಣ್ಯವನ್ನು ಕಾಯುವ ಹೊಣೆಯನ್ನೂ ಕಾನೂನು ಗ್ರಾಮಸಭೆಗೆ ವಹಿಸಿದೆ. ಇದಕ್ಕೆ ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ.

ಹಿನ್ನೆಲೆ

ಕವಲೇದುರ್ಗವು ಕೆಳದಿ ಅರಸರ ರಾಜಧಾನಿಗಳಲ್ಲೊಂದು. ಇಂದಿನ ತೀರ್ಥಹಳ್ಳಿ ತಾಲ್ಲೂಕಿಗೆ ಹಿಂದೆ ಕವಲೇದುರ್ಗದ ಹೆಸರೇ ಇತ್ತು. 17ನೆಯ ಶತಮಾನದಲ್ಲಿ ಶಿವಪ್ಪನಾಯಕನು ಜಾರಿಗೆ ತಂದ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆ ಗದ್ದೆ, ತೋಟಗಳನ್ನು ಲೆಕ್ಕಕ್ಕೆ ತಂದಿತು. ಆದರೆ ಮಲೆನಾಡಿನ ಬದುಕು ಗದ್ದೆ, ತೋಟಗಳಲ್ಲೇ ಮುಗಿಯುವುದಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟ, ಊರವರು ಕಾಯ್ದುಕೊಂಡು ಬಂದ ಕಾನು, ದೇವರಕಾಡು ಇವೂ ಬೇಕು. ಹಸಲರು ಮೊದಲಾದ ಪರಿಶಿಷ್ಟ ಪಂಗಡದವರ ಜೀವನವಂತೂ ಕಾಡನ್ನೇ ನೆಚ್ಚಿತ್ತು. ಇಂಥ ಬಳಕೆಯ ಬಹುಭಾಗ ರೂಢಿಯಲ್ಲಿತ್ತೇ ಹೊರತು ಒಡೆತನದ ಕಾಗದದಲ್ಲಿರಲಿಲ್ಲ.

ಗ್ರಾಮಸಭೆಯ ಅಧಿಕಾರ

ಕಾಯ್ದೆಯ ಪ್ರಕಾರ ಅರ್ಜಿ ಮೊದಲು ಗ್ರಾಮಸಭೆಗೇ ಸಲ್ಲಬೇಕು. ಅಲ್ಲಿನ ಅರಣ್ಯ ಹಕ್ಕು ಸಮಿತಿ ಸ್ಥಳ ಪರಿಶೀಲಿಸುತ್ತದೆ. ಸಭೆಯ ನಿರ್ಣಯವನ್ನು ಉಪವಿಭಾಗ ಮಟ್ಟದ ಸಮಿತಿ ಪರಿಶೀಲಿಸಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಅಂತಿಮಗೊಳಿಸುತ್ತದೆ. ಮೇಲಿನ ಎರಡೂ ಸಮಿತಿಗಳಲ್ಲಿ ಅಧಿಕಾರಿಗಳೊಡನೆ ಪಂಚಾಯಿತಿಗಳ ಪ್ರತಿನಿಧಿಗಳೂ ಇರಬೇಕು. ಸಾಗುವಳಿ ಭೂಮಿಗೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕುಪತ್ರ ದೊರೆಯಬಹುದು. ಅದು ವಂಶಪಾರಂಪರ್ಯವಾಗಿ ಬರುತ್ತದೆ, ಮಾರುವಂತಿಲ್ಲ.

ತೊಡಕಿರುವುದು ಸಾಕ್ಷ್ಯದಲ್ಲಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನವನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಇದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನೂ ರುಜುವಾತುಪಡಿಸಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಶರಾವತಿಯ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟುಕೊಟ್ಟು ಅರಣ್ಯ ಭೂಮಿಯಲ್ಲಿ ನೆಲೆಗೊಂಡ ಕುಟುಂಬಗಳು ಹೊಸ ನೆಲೆಯಲ್ಲಿ 1930ರ ದಾಖಲೆ ತರುವುದು ಸಾಧ್ಯವೇ ಇಲ್ಲ. ನಾಡಿಗೆ ಬೆಳಕು ಕೊಟ್ಟವರಿಗೇ ಈ ಷರತ್ತು ಎಲ್ಲರಿಗಿಂತ ಕಠಿಣವಾಗಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಬಳಿಕ ಕೇಂದ್ರದ ಪೂರ್ವಾನುಮತಿಯಿಲ್ಲದೆ ರಾಜ್ಯ ಸರ್ಕಾರ ತಾನಾಗಿಯೇ ಅರಣ್ಯ ಭೂಮಿಯನ್ನು ಬಿಟ್ಟುಕೊಡುವಂತೆಯೂ ಇಲ್ಲ.

ಆದರೂ ನಿಯಮಾವಳಿ ಕೇವಲ ಕಾಗದವನ್ನು ಕೇಳುವುದಿಲ್ಲ. ಊರಿನ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಬನ ಇವೆಲ್ಲ ಸಾಕ್ಷ್ಯಗಳೇ. ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಬೇಕೆಂದು 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ನೀಡಿದ್ದ ಆದೇಶಕ್ಕೆ ಅದೇ ತಿಂಗಳ 28ರಂದು ತಾನೇ ತಡೆ ನೀಡಿತು. ಅರ್ಜಿಗಳು ಕ್ರಮಬದ್ಧವಾಗಿ ತಿರಸ್ಕೃತವಾಗಿದ್ದವೇ ಎಂಬ ಪ್ರಶ್ನೆ ಆಗ ಮುನ್ನೆಲೆಗೆ ಬಂದಿತು.

ಕಾಡು ಮತ್ತು ಹವಾಮಾನ

ಶರಾವತಿ ಹುಟ್ಟುವ ಅಂಬುತೀರ್ಥ, ಮಳೆಗೆ ಹೆಸರಾದ ಆಗುಂಬೆ ಎರಡೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿವೆ. ನಿತ್ಯಹರಿದ್ವರ್ಣದ ಕಾನುಗಳು ಮಳೆನೀರನ್ನು ಇಂಗಿಸಿ ಬೇಸಿಗೆಯ ಹಳ್ಳಗಳನ್ನು ಉಳಿಸುತ್ತವೆ, ಇಂಗಾಲವನ್ನು ಹಿಡಿದಿಡುತ್ತವೆ. ಮೈಸೂರು ಕಾಗದ ಕಾರ್ಖಾನೆಗೆ ಗುತ್ತಿಗೆ ಕೊಟ್ಟ ಅರಣ್ಯದಲ್ಲಿ ಬೆಳೆದ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಇದಕ್ಕೆ ಬದಲಿಯಾಗಲಾರವು. 2020ರಲ್ಲಿ ಗುತ್ತಿಗೆ ಮುಂದುವರಿಕೆಯ ಪ್ರಶ್ನೆ ಬಂದಾಗ ಮಲೆನಾಡಿನಲ್ಲಿ ವಿರೋಧ ಎದ್ದದ್ದು ಇದೇ ಕಾರಣಕ್ಕೆ.

ಭೂನೀತಿಯಲ್ಲಿ ರೂಢಿಗತ ಹಕ್ಕುಗಳಿಗೆ ಮಾನ್ಯತೆ ನೀಡುವುದು ಹವಾಮಾನ ಬದಲಾವಣೆಯನ್ನು ಎದುರಿಸಲು ನೆರವಾಗಬಲ್ಲದೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2019ರ ಭೂಮಿ ಕುರಿತ ವರದಿ ಹೇಳುತ್ತದೆ. ಭಾರತದ ಕಾಯ್ದೆಯಲ್ಲಿ ಅದಕ್ಕೆ ಆಸ್ಪದವಿದೆ: ಸಾಮುದಾಯಿಕ ಅರಣ್ಯ ಸಂಪನ್ಮೂಲ ಹಕ್ಕನ್ನು ಪಡೆದ ಗ್ರಾಮಸಭೆ ತನ್ನ ಕಾಡನ್ನು ರಕ್ಷಿಸಿ ನಿರ್ವಹಿಸಬಹುದು. ಇದಲ್ಲದೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ ಊರಿನ ಸಸ್ಯ, ಪ್ರಾಣಿ, ಪಾರಂಪರಿಕ ಜ್ಞಾನವನ್ನು ದಾಖಲಿಸಬೇಕು. ಒಂದೇ ಕಾಡಿಗೆ ಎರಡು ಕಾಯ್ದೆ, ಎರಡು ಸಮಿತಿ. ಇವು ಕೂಡಿ ಕುಳಿತು ನಕ್ಷೆ ಮಾಡಿದಲ್ಲಿ ಹಕ್ಕಿನ ಗಡಿಯೂ ರಕ್ಷಣೆಯ ಗಡಿಯೂ ಒಟ್ಟಿಗೆ ಗುರುತಾಗುತ್ತವೆ. ಸಾಗರ ತಾಲ್ಲೂಕಿನ ಅಂಬಾರಗುಡ್ಡವು ಇದೇ ಜೀವವೈವಿಧ್ಯ ಕಾಯ್ದೆಯಡಿ ಪಾರಂಪರಿಕ ತಾಣವೆಂದು ಘೋಷಿತವಾಗಿದೆ.

ಸಾಮುದಾಯಿಕ ಹಕ್ಕಿಗೆ ರಾಜ್ಯದಲ್ಲಿ ಹೆಸರಾದ ಉದಾಹರಣೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ. ಅದು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲಿಯೇ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು.